ಬಲಗಡೆ ಕೂತವಳು

ಮೆಣಸು ಒಣಗಿದೆಯೋ ಇಲ್ಲವೋ
ಹಲ್ಲಲ್ಲಿ ಕಡಿದು ಹೇಳುವವನು ನಾನು.
ಗೋಣಿಕೊಪ್ಪಲಿನಲ್ಲಿ ಇಪ್ಪತ್ತೇಳು ವರ್ಷ
ಇದೇ ದಲ್ಲಾಳಿ ಕೆಲಸ.
ಟಕ್ ಅಂದರೆ ಸರಿ, ಮೆತ್ತಗಾದರೆ ಇನ್ನೆರಡು ಬಿಸಿಲು.
ಕಾರನ್ನು ಕಡಿಯುವುದು ಹೇಗೆ?

ಮೊದಲು ಕಂಡದ್ದು ಕಡಲಾಚೆಯದು.
ಫೋನಿನೊಳಗೆ ಹದಿನಾಲ್ಕು ಫೋಟೋ,
ಕೆಂಪು ಮೈ, ಬಾನೆಟ್ಟಿನ ಮೇಲೆ ಎರಡು ಕಪ್ಪು ಪಟ್ಟೆ,
ಹಿಂದೆ ಯಾರದೋ ಹುಲ್ಲುಹಾಸು, ಯಾರದೋ ನಾಯಿ.
ತುಕ್ಕು ಎಳ್ಳಷ್ಟೂ ಇಲ್ಲ ಎಂದು ಬರೆದಿದ್ದ ಮಾರುವವ.
ಹಡಗಿನ ಬಾಡಿಗೆ, ಬಂದರಿನ ಸುಂಕ, ಏಜೆಂಟನ ಪಾಲು,
ಕೂಡಿಸುತ್ತಾ ಹೋದೆ ಬಿಲ್ಲಿನ ಹಿಂಬದಿಯಲ್ಲಿ;
ಕಾರು ಬರುವ ಮೊದಲೇ ಕಾಗದದ ಮೇಲೆ
ಇನ್ನೊಂದು ಕಾರು ಹುಟ್ಟಿತು.

ಹಂಝಾಕ ಗ್ಯಾರೇಜಿನಿಂದ ಬಂದ,
ಹಳೇ ಸ್ಪೀಕರಿನಿಂದ ಕಿತ್ತ ಅಯಸ್ಕಾಂತ
ಕರವಸ್ತ್ರದಲ್ಲಿ ಸುತ್ತಿ ಜೇಬಿನಲ್ಲಿಡುವ ಮನುಷ್ಯ.
ಅದು ಅಂಟಿದಲ್ಲಿ ತಗಡು, ಜಾರಿದಲ್ಲಿ ಪುಟ್ಟಿ.
ಫೋಟೋ ನೋಡಿದ, ದೊಡ್ಡದು ಮಾಡಿ ನೋಡಿದ.
"ಚೆಂದ ಉಂಟು," ಅಂದ. "ಆದರೆ ಫೋಟೋಗೆ
ಅಯಸ್ಕಾಂತ ಹಿಡಿಯುವುದೆಲ್ಲಿ?"

ದಮಯಂತಿ ಹನ್ನೊಂದು ತಿಂಗಳಿಂದ ಹೇಳಿದ್ದು ಒಂದೇ ಮಾತು:
ಬೇಡ.
ಕಳಲೆ ಹೆಚ್ಚುತ್ತಾ ಬೇಡ, ದೀಪ ಆರಿಸುತ್ತಾ ಬೇಡ.
ಮಸಲ್ ಕಾರು ಅಂದರೇನು, ಅಂತ ಒಮ್ಮೆ ಕೇಳಿದಳು.
ಸ್ನಾಯು, ಮಾಂಸಖಂಡ, ಅಂದೆ.
ನನ್ನ ತೋಳನ್ನು ಒಂದು ಗಳಿಗೆ ನೋಡಿ
ಕಳಲೆಗೆ ವಾಪಸಾದಳು.

ಆಮೇಲೆ ಅಮ್ಮತ್ತಿಯ ಚೀಯಣ್ಣನ ಷೆಡ್ಡು.
ಸೈನ್ಯದ ವರ್ಕ್‌ಶಾಪಿನಲ್ಲಿ ಹವಾಲ್ದಾರನಾಗಿದ್ದವ
ಗೋಣಿಚೀಲ ಸರಿಸಿದ, ಏಣಿ ಸರಿಸಿದ, ಟಾರ್ಪಾಲು ಎಳೆದ.
ಡಾಜ್.
ನಮ್ಮ ಕಡೆ ಡಾಜ್ ಅಂದರೆ ಲಾರಿ;
ಇದು ಲಾರಿಯ ದಾಯಾದಿ, ಸೊಂಟ ಇಳಿಸಿ ಕೂತದ್ದು,
ನನಗಿಂತ ಒಂದು ವರ್ಷ ದೊಡ್ಡದು.
ಯಾವುದೋ ದೇಶದ ರಾಯಭಾರಿ ಬಿಟ್ಟುಹೋದದ್ದಂತೆ,
ದೆಹಲಿಯ ಹರಾಜಿನಲ್ಲಿ ಇವನ ಮಾವ ಹಿಡಿದದ್ದಂತೆ.
ಹಿಂದಿನ ಸೀಟಿನಲ್ಲಿ ಒಂದು ಹೇಂಟೆ ಕಾವಿಗೆ ಕೂತಿತ್ತು,
ಏಳಲು ಒಪ್ಪಲಿಲ್ಲ.
ಹಂಝಾಕ ಅಯಸ್ಕಾಂತ ಹಿಡಿದು ಸುತ್ತ ಬಂದ,
ಡಾಕ್ಟರು ಬೆನ್ನಿಗೆ ಕೊಳವೆ ಇಟ್ಟ ಹಾಗೆ.
ಎರಡು ಕಡೆ ಜಾರಿತು. ಅವೆರಡನ್ನೂ
ಚೀಯಣ್ಣ ಮೊದಲೇ ತೋರಿಸಿದ್ದ.

ಬಾನೆಟ್ಟೆತ್ತಿ, ತಂತಿ ಒಂದೊಂದೇ ಮುಟ್ಟಿ,
ಮಗ್ಗಿ ಒಪ್ಪಿಸುವ ಹುಡುಗನಂತೆ ಹಂಝಾಕ:
ಒಂದು ಎಂಟು ನಾಲ್ಕು ಮೂರು
ಆರು ಐದು ಏಳು ಎರಡು.
ಈ ಲೆಕ್ಕದಲ್ಲೇ ಕಿಡಿ ಹೊತ್ತಬೇಕು, ತಪ್ಪಿದರೆ ಬರೀ ಕೆಮ್ಮು.
ಮೊದಲು ಕೆಮ್ಮಿತು. ಆಮೇಲೆ
ಷೆಡ್ಡಿನ ತಗಡು ನಡುಗಿತು, ಹೇಂಟೆ ಹಾರಿತು,
ನನ್ನ ಪಕ್ಕೆಲುಬಿನೊಳಗೆ ಯಾರೋ
ಒಂದರ ಮೇಲೊಂದು ಮೂಟೆ ಇಳಿಸಿದರು.

ರೇಟು ಹೇಳದೆ ಚೀಯಣ್ಣ ಕೇಳಿದ:
"ಎಡಗಡೆ ಸ್ಟಿಯರಿಂಗ್ ಇದು. ಮುಂದಿನ ಲಾರಿಯ ಬೆನ್ನು,
ಪಕ್ಕದ ಚರಂಡಿ, ನಿಮಗೆ ಕಾಣುವುದು ಅಷ್ಟೇ.
ಬಲಗಡೆ ಯಾರು ಕೂರುತ್ತಾರೆ?"

ಎಲ್ಲದಕ್ಕೂ ರೇಟು ಗೊತ್ತಿದ್ದವನು
ಆಯಿಲ್ ಕಡ್ಡಿ ಒರೆಸುತ್ತಾ ನಿಂತೆ.

ಮೊಟ್ಟೆ ಒಡೆಯುವ ತನಕ ಕಾಯಿರಿ, ಅಂದ. ಕಾದೆವು.
ಕಾರು ತರಲು ಹೊರಟ ಬೆಳಗ್ಗೆ ನೋಡಿದರೆ
ದಮಯಂತಿ ಚಪ್ಪಲಿ ಮೆಟ್ಟಿ ಹಂಝಾಕನ ಜೀಪಿನಲ್ಲಿ ಕೂತಿದ್ದಳು.
ನಾನು ಕೇಳಲಿಲ್ಲ. ಅವಳು ಹೇಳಲಿಲ್ಲ.

ವಾಪಸು ಬರುವಾಗ, ಕಳತ್ಮಾಡಿನ ಹತ್ತಿರ,
ಸಿಲ್ವರ್ ಓಕ್ ಹೇರಿದ ಲಾರಿ ತೆವಳುತ್ತಿತ್ತು.
ನನಗೆ ಕಂಡದ್ದು ದಿಮ್ಮಿಗಳ ದುಂಡು ಮುಖ,
ತುದಿಗೆ ಕಟ್ಟಿದ ಕೆಂಪು ಚಿಂದಿ, ಎಡಕ್ಕೆ ಬೇಲಿ.
ಮುಳ್ಳು ಹತ್ತರಲ್ಲಿ; ಅದೂ ಮೈಲಿ.
ಅವಳು ಕಿಟಕಿಯಿಂದ ಕತ್ತು ಹೊರಹಾಕಿದಳು.
ಇರು, ಅಂದಳು.
ಬಸ್ಸೊಂದು ಹೋಯಿತು.
ಇರು.
ಸ್ಕೂಟರಿನವ, ಹಿಂದೆ ಹುಲ್ಲಿನ ಹೊರೆ.
ಇರು, ಇರು.
ಹನ್ನೊಂದು ತಿಂಗಳ ಬೇಡ ಇದ್ದ
ಅದೇ ಗಂಟಲಿನಿಂದ, ಒಂದೇ ಬಾರಿಗೆ:

ಹೋಗು!

ಒಂದು ಎಂಟು ನಾಲ್ಕು ಮೂರು...
ಮಿಕ್ಕದ್ದು ಕೇಳಿಸಲಿಲ್ಲ.

ಲಾರಿ ಹಿಂದೆ ಬಿದ್ದ ಮೇಲೆ ಕೂದಲು ಕಟ್ಟಿಕೊಳ್ಳುತ್ತಾ ಅಂದಳು:
ಸೀಟಲ್ಲೆಲ್ಲ ಕೋಳಿಪುಕ್ಕ. ಸೀರೆಗೆ ಪೆಟ್ರೋಲಿನ ವಾಸನೆ.
ಸ್ವಲ್ಪ ಹೊತ್ತು ಬಿಟ್ಟು:
ತಿರುವಿನಾಚೆ ಇನ್ನೊಂದು ಲಾರಿ ಇದೆ.

ನನಗೆ ಕಂಡಿರಲಿಲ್ಲ.